ಪಂಪ್‌ಹೌಸ್ ಒಲೆಗೂ ಒಂದು ಅಡುಗೆ ಪುಸ್ತಕ: ಮನೆ ಮತ್ತು ಹೊಲದ ಅಡುಗೆ ಬರೆದಿಡೋದು ಹೇಗೆ?

ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗೆ ಕಾಯ್ತಾ ಪಂಪ್‌ಹೌಸಿನಲ್ಲಿ ಮಲಗೋದು ನಿಮಗೂ ಗೊತ್ತಿರುತ್ತೆ. ಕಡಲೆಕಾಯಿ ಬಲಿಯೋ ಹೊತ್ತಿಗೆ ಅದರ ಜೊತೆ ಹಂದಿ ಕಾವಲೂ ಸೇರುತ್ತೆ. ಐದು ವರ್ಷದ ಹಿಂದೆ ಅಂಥದ್ದೇ ಒಂದು ರಾತ್ರಿ ಶಿರಾ ತಾಲ್ಲೂಕಿನ ನಮ್ಮ ಹೊಲದಲ್ಲಿ ನಾನು ಮತ್ತು ಚಿಕ್ಕಪ್ಪನ ಮಗ ಇದ್ವಿ. ಮಳೆ ಹಿಡಿದಿತ್ತು, ಮನೆಗೆ ಹೋಗೋ ಹಾಗಿರಲಿಲ್ಲ. ಒಂದು ಪಾತ್ರೆ, ರಾಗಿಹಿಟ್ಟು, ಉಪ್ಪು, ಬೆಂಕಿಪೊಟ್ಟಣ ಇತ್ತು. ಬದುವಿನ ಪಕ್ಕ ಬದನೆ ಗಿಡಗಳೂ ಇದ್ವು.

ಏನು ಮಾಡೋದು ಅಂತ ಫೋನ್ ತೆಗೆದೆ. ಗ್ಯಾಲರಿಯಲ್ಲಿ ಅಡುಗೆಯ ಸ್ಕ್ರೀನ್‌ಶಾಟ್‌ಗಳು ಕಡಿಮೆ ಅಂದ್ರೂ 300 ಇದ್ವು. ಮೊದಲನೇದಕ್ಕೆ ಮಿಕ್ಸಿ ಬೇಕು. ಎರಡನೇದಕ್ಕೆ ಅರ್ಧ ಕಪ್ ಫ್ರೆಶ್ ಕ್ರೀಮ್. ಮೂರನೇದು ವಿಡಿಯೋ ಲಿಂಕು, ಅಲ್ಲಿ ನೆಟ್‌ವರ್ಕ್ ಇಲ್ಲ. ಕೊನೆಗೆ ಇಬ್ಬರೂ ಮಂಡಕ್ಕಿ ತಿಂದು ಮಲಗಿದ್ವಿ. ಬದನೆಕಾಯಿ ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡಬಹುದಿತ್ತು ಅಂತ ಹೊಳೆದದ್ದು ಬೆಳಿಗ್ಗೆ, ಅದೂ ಅಜ್ಜಿ ಬೈದ ಮೇಲೆ.

ಜೀವಾಮೃತಕ್ಕೆ 200 ಲೀಟರ್ ನೀರಿಗೆ 10 ಕೆಜಿ ಸಗಣಿ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು ಅಂತ ನಮಗೆಲ್ಲ ಬಾಯಿಪಾಠ. ಡ್ರಮ್ಮಿನ ಮೇಲೆ ಬಣ್ಣದಲ್ಲಿ ಬರೆದಿರ್ತೀವಿ. ನೆಲಕ್ಕೆ ಹಾಕೋದಕ್ಕೆ ಅಳತೆ ಇದೆ, ನಾವು ತಿನ್ನೋದಕ್ಕೆ ಇಲ್ಲ. ಈ ವಾರ ಅದನ್ನ ಸರಿಮಾಡೋ ಕೆಲಸ.

ನಾನು ಕಳೆದುಕೊಂಡದ್ದು

ಅವತ್ತು ಬೆಳಿಗ್ಗೆ ಅಜ್ಜಿ ನನ್ನನ್ನ ರಾಗಿ ಹೊಲದ ಬದುವಿಗೆ ಕರ್ಕೊಂಡು ಹೋದಳು. ತೋಟಗಾರಿಕೆ ಕಾಲೇಜಿನಲ್ಲಿ ನಾನು ಕಳೆಗಳ ಪಟ್ಟಿಯಲ್ಲಿ ಕಲಿತಿದ್ದ ಗಿಡಗಳನ್ನ ಒಂದೊಂದಾಗಿ ಚಿವುಟಿ ಮಡಿಲಿಗೆ ಹಾಕಿಕೊಂಡಳು. ನಾನು ಸೆಲೋಸಿಯಾ ಅರ್ಜೆಂಟಿಯಾ ಅಂತ ಬರೆದು ಪಾಸಾಗಿದ್ದ ಗಿಡ ಅವಳಿಗೆ ಅಣ್ಣೆ ಸೊಪ್ಪು. ಪೋರ್ಚುಲಾಕಾ ಅವಳಿಗೆ ಗೋಣಿ ಸೊಪ್ಪು. ಕೊಮೆಲಿನಾ ಅಂದ್ರೆ ಕನ್ನೆ ಸೊಪ್ಪು. ಹೊನಗೊನ್ನೆ, ಗಣಿಕೆ, ಕಿರಕಸಾಲೆ ಎಲ್ಲ ಸೇರಿ ಒಂಬತ್ತು ಬಗೆ ಆಯ್ತು. ಅದರಲ್ಲಿ ಬೆರಕೆ ಸೊಪ್ಪಿನ ಬಸ್ಸಾರು ಮಾಡಿದಳು. ನಾನು ಪೂರ್ತಿ ವಿಡಿಯೋ ಮಾಡಿಕೊಂಡೆ, ಆಮೇಲೆ ಬರೆದುಕೊಂಡರಾಯ್ತು ಅಂತ.

ಎರಡು ತಿಂಗಳಿಗೆ ಆ ಫೋನ್ ಕೃಷಿ ಹೊಂಡಕ್ಕೆ ಬಿತ್ತು. ಬ್ಯಾಕಪ್ ಇರಲಿಲ್ಲ. ಮುಂದಿನ ಮುಂಗಾರಿಗೆ ಮೊದಲೇ ಅಜ್ಜಿ ಹೋದಳು.

ಅಮ್ಮ, ದೊಡ್ಡಮ್ಮ ಇಬ್ಬರನ್ನೂ ಕೂರಿಸಿಕೊಂಡು ಆ ಸಾರನ್ನ ಮತ್ತೆ ಕಟ್ಟೋಕೆ ನೋಡಿದೆ. ಒಂಬತ್ತರಲ್ಲಿ ಏಳು ಸೊಪ್ಪು ಸಿಕ್ಕಿವೆ. ಉಳಿದ ಎರಡು ಯಾವುದು ಅಂತ ಇವತ್ತಿಗೂ ನಮ್ಮನೇಲಿ ಯಾರಿಗೂ ನೆನಪಿಲ್ಲ. ಹಾಗಾಗಿ ಮುಂದೆ ಹೇಳೋದೆಲ್ಲ ಪುಸ್ತಕ ಓದಿ ಕಲಿತದ್ದಲ್ಲ, ಕಳೆದುಕೊಂಡು ಕಲಿತದ್ದು.

1. ಮೊದಲು ಗ್ಯಾಲರಿ ಗುಡಿಸಿ

ಹೊಸ ತಳಿ ಬಂತು ಅಂದ ತಕ್ಷಣ ಎರಡು ಎಕರೆಗೂ ಅದನ್ನೇ ಹಾಕಲ್ಲ. ಒಂದು ಸಾಲು ಹಾಕಿ ನೋಡ್ತೀವಿ, ಮುಂದಿನ ವರ್ಷ ಒಂದು ಗುಂಟೆ, ಆಮೇಲೆ ಹೊಲ. ಅಡುಗೆಗೂ ಅದೇ ಲೆಕ್ಕ ಇಟ್ಟುಕೊಳ್ಳಿ. ಮೂರು ಗುಂಪು ಸಾಕು.

- ನೋಡಿದ್ದು: ಸ್ಕ್ರೀನ್‌ಶಾಟು, ಯಾರೋ ಕಳಿಸಿದ್ದು. ಇನ್ನೂ ಮಾಡಿಲ್ಲ.
- ಮಾಡಿದ್ದು: ಒಮ್ಮೆ ಮಾಡಿ ತಿಂದದ್ದು, ಅಳತೆ ಇನ್ನೂ ಸರಿಯಾಗಬೇಕು.
- ನಂಬಿದ್ದು: ಯಾರ ಸಹಾಯವೂ ಇಲ್ಲದೆ, ಬರೆದದ್ದನ್ನ ಮಾತ್ರ ನೋಡಿಕೊಂಡು ಮೂರು ಸಲ ಸರಿಯಾಗಿ ಬಂದದ್ದು.

‘ನೋಡಿದ್ದು’ ಗುಂಪಿನಲ್ಲಿ ಒಂದು ವರ್ಷ ಮುಟ್ಟದೇ ಬಿದ್ದಿರೋದನ್ನ ಅಳಿಸಿಬಿಡಿ. ನನ್ನ 300ರಲ್ಲಿ ಉಳಿದದ್ದು 11. ಬೇಜಾರಾಗಬೇಡಿ, ಬೇಕಾದ್ರೆ ಮತ್ತೆ ಸಿಗುತ್ತೆ. ಅಮ್ಮನ ಅಡುಗೆ ಮಾತ್ರ ಹುಡುಕಿದ್ರೆ ಸಿಗಲ್ಲ. ಬರೆಯೋದಾದ್ರೆ ಅದನ್ನ ಮೊದಲು ಬರೀರಿ.

2. ಅಡುಗೆಯ ಹೆಸರಿಗಿಂತ ಒಲೆ ಮುಖ್ಯ

ಅಂಗಡಿ ಪುಸ್ತಕಗಳಲ್ಲಿ ಸಾರು, ಪಲ್ಯ, ಸಿಹಿ ಅಂತ ಭಾಗ ಮಾಡಿರ್ತಾರೆ. ರೈತನಿಗೆ ಅದು ಅಷ್ಟು ಉಪಯೋಗಕ್ಕೆ ಬರಲ್ಲ. ಹಸಿದಾಗ ನಮಗೆ ಬರೋ ಪ್ರಶ್ನೆ ಬೇರೆ. ನಾನೀಗ ಎಲ್ಲಿದ್ದೀನಿ, ಕೈಯಲ್ಲಿ ಏನಿದೆ, ಎಷ್ಟು ಜನ? ಅದಕ್ಕೆ ನಾನು ಮೂರು ಲೇಬಲ್ ಇಟ್ಟಿದ್ದೀನಿ.

- ಮನೆ: ಗ್ಯಾಸ್, ಕುಕ್ಕರ್, ಮಿಕ್ಸಿ ಇರೋ ಕಡೆ.
- ಹೊಲ: ಮೂರು ಕಲ್ಲಿನ ಒಲೆ, ಹೆಚ್ಚಂದ್ರೆ ಎರಡು ಪಾತ್ರೆ, ಮಿಕ್ಸಿ ಇಲ್ಲ.
- ಒಲೆ ಬೇಡ: ಮಳೇಲಿ ಸೌದೆ ನೆಂದ ದಿನಕ್ಕೆ. ಹುರಿಹಿಟ್ಟು, ಹಸಿ ಗೊಜ್ಜು, ಮೊಸರವಲಕ್ಕಿ ಇಂಥವು.

ಒಂದೇ ಅಡುಗೆ ಎರಡು ಕಡೆ ಬೇರೆ ಥರ ಆಗುತ್ತೆ. ಮನೇಲಿ ಹುರುಳಿಕಾಳು ಬಸ್ಸಾರು ಅಂದ್ರೆ ಕುಕ್ಕರ್ ಕೂಗಿಸಿ, ಮಸಾಲೆ ಮಿಕ್ಸಿಗೆ ಹಾಕೋದು. ಹೊಲದಲ್ಲಿ ಅದು ಆಗಲ್ಲ. ಅಲ್ಲಿಗೆ ಉಪ್ಸಾರು ಸರಿ. ಮನೆಯಿಂದ ಖಾರ ಅರೆದು ಸಣ್ಣ ಡಬ್ಬಿಯಲ್ಲಿ ಒಯ್ದರೆ ಒಂದೇ ಪಾತ್ರೆಯಲ್ಲಿ ಸಾರೂ ಪಲ್ಯವೂ ಆಗುತ್ತೆ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಕಾರ್ಡ್ ಮಾಡಿ. ‘ಹೊಲದಲ್ಲಾದ್ರೆ ಹೀಗೆ’ ಅಂತ ಕೊನೆಗೆ ಒಂದು ಸಾಲು ಸೇರಿಸಿದ್ರೆ ಕತ್ತಲಲ್ಲಿ ಅದು ಕಣ್ಣಿಗೆ ಬೀಳಲ್ಲ.

ಇದರ ಜೊತೆ ಕಾಲದ ಲೇಬಲ್ ಒಂದು. ತಿಂಗಳ ಹೆಸರು ಹಾಕಬಹುದು, ನಾನು ಮಳೆಯ ಹೆಸರು ಹಾಕ್ತೀನಿ. ಬೆರಕೆ ಸೊಪ್ಪಿನ ಕಾರ್ಡಿಗೆ ‘ಪುಷ್ಯ–ಆಶ್ಲೇಷ’ ಅಂತ ಇದೆ. ರಾಗಿಯಲ್ಲಿ ಮೊದಲ ಕಳೆ ತೆಗೆಯೋ ಹೊತ್ತು ಅದು, ಸೊಪ್ಪು ಎಳೆಯದಾಗಿರುತ್ತೆ. ಅವರೆಕಾಯಿ ಸೊಗಡು ಬಿಡೋ ಚಳಿಗಾಲಕ್ಕೆ ಹಿತಕಬೇಳೆ ಕಾರ್ಡ್. ಹೊಲದಲ್ಲಿ ಏನು ಬೆಳೆದಿದೆಯೋ ಅದಕ್ಕೆ ತಕ್ಕ ಅಡುಗೆ ಮೇಲೆ ಬರಬೇಕು.

3. ಒಂದು ಕಾರ್ಡಿನಲ್ಲಿ ಏನೇನಿರಬೇಕು?

ಏಳು ವಿಷಯ, ಫೋನಿನ ಒಂದು ಪರದೆಗೆ ಹಿಡಿಯೋ ಹಾಗೆ:

1. ಅಡುಗೆ ಹೆಸರು, ಯಾರಿಂದ ಕಲಿತದ್ದು
2. ಎಲ್ಲಿ: ಮನೆ / ಹೊಲ / ಒಲೆ ಬೇಡ
3. ಎಷ್ಟು ಜನಕ್ಕೆ
4. ಸಾಮಾನು, ಅಳತೆ ಸಮೇತ
5. ಮಾಡೋ ಕ್ರಮ, ಆರು ಸಾಲಿಗಿಂತ ಹೆಚ್ಚಿಲ್ಲ
6. ಎಲ್ಲಿ ಕೆಡುತ್ತೆ, ಕೆಟ್ಟರೆ ಏನು ಮಾಡೋದು
7. ಕೊನೆಯ ಸಲ ಮಾಡಿದ ದಿನ, ಏನು ಬದಲಾಯಿಸಿದೆ

ಆರನೇದನ್ನ ಬಹಳ ಜನ ಬಿಡ್ತಾರೆ. ಅನುಭವ ಇರೋದು ಅಲ್ಲೇ. ನನ್ನ ಮುದ್ದೆ ಕಾರ್ಡ್ ಹೀಗಿದೆ:

ರಾಗಿ ಮುದ್ದೆ (ಅಮ್ಮ). ಹೊಲ. 2 ಜನ, ದೊಡ್ಡ ಮುದ್ದೆ. ಹಿಟ್ಟು 250 ಗ್ರಾಂ, ನೀರು 600 ಮಿಲಿ, ಉಪ್ಪು ಒಂದು ಚಿಟಿಕೆ. ನೀರಿಗೆ ಒಂದು ಚಮಚ ಹಿಟ್ಟು ಕದಡಿ ಕುದಿಸು. ಕುದಿ ಬಂದಾಗ ಉಳಿದ ಹಿಟ್ಟನ್ನ ನಡುವೆ ಗುಡ್ಡೆ ಸುರಿ, ತಿರುವಬೇಡ. ಉರಿ ತಗ್ಗಿಸಿ 5 ನಿಮಿಷ ಬೇಯಲಿ. ಇಳಿಸಿ ಕೋಲಿನಲ್ಲಿ ಗಂಟಿಲ್ಲದಂತೆ ತೊಳಸು. ಮತ್ತೆ ಸಣ್ಣ ಉರಿಯಲ್ಲಿ 3 ನಿಮಿಷ ಮುಚ್ಚಿಡು. ಕೈ ಒದ್ದೆ ಮಾಡಿಕೊಂಡು ಕಟ್ಟು. ಎಲ್ಲಿ ಕೆಡುತ್ತೆ: ಸೌದೆ ಉರಿ ಜೋರಾದ್ರೆ ತಳ ಹಿಡಿಯುತ್ತೆ, ಸೌದೆ ಹಿಂದಕ್ಕೆ ಎಳೆದು ಕೆಂಡದ ಮೇಲೆ ಮಾಡು.

ಈ ಅಳತೆ ನಮ್ಮ ಮನೆಯ ರಾಗಿಗೆ, ನಮ್ಮೂರ ಗಿರಣಿಯ ಹಿಟ್ಟಿಗೆ. ತಳಿ, ಹಿಟ್ಟಿನ ನುಣುಪು, ಹಳೇ ರಾಗಿಯೋ ಹೊಸದೋ ಅನ್ನೋದರ ಮೇಲೆ ನೀರು ಹೆಚ್ಚು ಕಡಿಮೆ ಆಗುತ್ತೆ. ಏಳನೇ ಸಾಲು ಇರೋದೇ ಇದಕ್ಕೆ. ಹೊಸ ರಾಗಿ ಬೀಸಿಸಿದಾಗ ಒಮ್ಮೆ ಮಾಡಿ ನೋಡಿ ಅಳತೆ ತಿದ್ದಿಕೊಳ್ಳಿ.

ಕೊಯ್ಲಿಗೆ ಆಳುಗಳು ಬಂದಾಗ 2 ಜನದ ಕಾರ್ಡನ್ನ 12 ಜನಕ್ಕೆ ಹಿಗ್ಗಿಸಬೇಕಾಗುತ್ತೆ. ಕಾಳು, ಹಿಟ್ಟು ಆರು ಪಟ್ಟು ಹಾಕಬಹುದು. ಖಾರ, ಉಪ್ಪು, ಹುಣಸೆ ನಾಲ್ಕು ಪಟ್ಟಿಗೆ ನಿಲ್ಲಿಸಿ, ರುಚಿ ನೋಡಿ ಆಮೇಲೆ ಸೇರಿಸಿ. ಸಾರಿನ ನೀರೂ ಅಷ್ಟೇ, ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗೋ ಪಾಲು ಕಡಿಮೆ. ಸರಿಯಾದ ಮೇಲೆ ಆ ಅಳತೆಗೆ ‘12 ಜನ’ ಅಂತ ಬೇರೆ ಕಾರ್ಡ್ ಮಾಡಿ. ಕೊಯ್ಲಿನ ದಿನ ಗುಣಿಸ್ತಾ ಕೂರೋಕೆ ಯಾರಿಗೂ ಪುರುಸೊತ್ತಿರಲ್ಲ.

4. ಕೈಯಳತೆಯನ್ನ ಗ್ರಾಂಗೆ ಇಳಿಸೋ ಉಪಾಯ

‘ಏನ್ ಅಳೀತೀಯೋ ಮಗ, ಕೈಗೇ ಗೊತ್ತಾಗ್ತದೆ’ ಅಂತ ಅಜ್ಜಿ ನಗ್ತಿದ್ದಳು. ಅಮ್ಮನೂ ಅದನ್ನೇ ಹೇಳ್ತಾಳೆ. ಅವರನ್ನ ನಿಲ್ಲಿಸಿ, ಚಮಚ ಕೊಟ್ಟು ಅಳೆಯಿರಿ ಅಂದ್ರೆ ಅವರ ಕೈ ತಡವರಿಸುತ್ತೆ, ರುಚಿಯೂ ಕೆಡುತ್ತೆ. ಅದಕ್ಕೆ ಒಂದು ಸುಲಭ ದಾರಿ ಇದೆ.

ಅಡುಗೆ ಶುರುವಾಗೋ ಮೊದಲು ಉಪ್ಪಿನ ಡಬ್ಬ, ಸಾರಿನ ಪುಡಿ ಡಬ್ಬ, ಬೇಳೆ ಡಬ್ಬ, ಎಣ್ಣೆ ಬಾಟಲಿ ಎಲ್ಲವನ್ನೂ ಒಂದೊಂದಾಗಿ ತಕ್ಕಡಿ ಮೇಲಿಟ್ಟು ತೂಕ ಬರೆದುಕೊಳ್ಳಿ. ಅಮ್ಮ ಎಂದಿನ ಹಾಗೆ ಮಾಡಲಿ, ಮಧ್ಯೆ ಬಾಯಿ ಹಾಕಬೇಡಿ. ಮುಗಿದ ಮೇಲೆ ಡಬ್ಬಗಳನ್ನ ಮತ್ತೆ ತೂಗಿ. ಕಡಿಮೆಯಾದದ್ದೇ ಅವರ ಕೈಯಳತೆ. ಸಾಮಾನು ಅಳೆಯೋಕೆ 1 ಗ್ರಾಂವರೆಗೆ ತೋರಿಸೋ ಸಣ್ಣ ಡಿಜಿಟಲ್ ತಕ್ಕಡಿ ಸಾಕು, ಬೀಜೋಪಚಾರಕ್ಕೆ ಇಟ್ಟುಕೊಂಡಿದ್ರೆ ಅದನ್ನ ಅಡುಗೆಗೆ ತರಬೇಡಿ, ಬೇರೆಯದೇ ಇರಲಿ.

ಹೀಗೆ ಬೇರೆ ಬೇರೆ ದಿನ ಮೂರು ಸಲ ಮಾಡಿ. ನಮ್ಮಮ್ಮನ ಉಪ್ಪು ಮೂರು ದಿನವೂ ಹೆಚ್ಚು ಕಡಿಮೆ ಒಂದೇ ತೂಕ ಬಂತು. ಖಾರದ ಪುಡಿ ಮಾತ್ರ ಅಪ್ಪನ ಮೇಲೆ ಕೋಪ ಇದ್ದ ದಿನ ಜಾಸ್ತಿ ಆಗಿತ್ತು!

ಕಣ್ಣಿನಲ್ಲಿ ನೋಡೋ ಗುರುತುಗಳನ್ನೂ ಬರೀರಿ. ‘ಈರುಳ್ಳಿ ಅಂಚು ಕಪ್ಪಾಗೋವರೆಗೆ’, ‘ಕಾಳು ಬೆರಳಲ್ಲಿ ಒತ್ತಿದ್ರೆ ಚಪ್ಪಟೆ ಆಗಬೇಕು, ಕರಗಬಾರದು’ ಅನ್ನೋ ಥರ. ಸೌದೆ ಒಲೆಗೆ ನಿಮಿಷದ ಲೆಕ್ಕಕ್ಕಿಂತ ಇದೇ ಹೆಚ್ಚು ಕೆಲಸಕ್ಕೆ ಬರುತ್ತೆ.

5. ಸೊಪ್ಪಿನ ಕಾರ್ಡಿಗೆ ಫೋಟೋ ಕಡ್ಡಾಯ

ಹೊಲದ ಸೊಪ್ಪಿಗೆ ಹೆಸರು ಮಾತ್ರ ಬರೆದ್ರೆ ಸಾಲದು. ಪಕ್ಕದ ತಾಲ್ಲೂಕಿಗೆ ಹೋದ್ರೆ ಹೆಸರೇ ಬೇರೆ. ಪ್ರತಿ ಸೊಪ್ಪಿಗೂ ಮೂರು ಫೋಟೋ ಹಾಕಿ. ಎಳೆ ಗಿಡ, ಎಲೆಯ ಎರಡೂ ಬದಿ, ಹೂವು ಬಿಟ್ಟಾಗ. ಹೊಲದ ಯಾವ ಮಗ್ಗುಲಲ್ಲಿ ಸಿಕ್ತು ಅಂತಲೂ ಬರೀರಿ.

ಎಚ್ಚರಿಕೆ ಮೂರು. ಒಂದು, ಕಳೆನಾಶಕ ಅಥವಾ ಕೀಟನಾಶಕ ಹೊಡೆದ ಹೊಲದ ಸೊಪ್ಪು ಬೇಡ. ನಿಮ್ಮದು ಸಾವಯವ ಆದ್ರೂ ಪಕ್ಕದವರ ಬದುವಿನಿಂದ ಕೀಳಬೇಡಿ. ಎರಡು, ಉಮ್ಮತ್ತಿಯ ಎಳೆ ಗಿಡ ಸೊಪ್ಪಿನ ನಡುವೆ ಬೆಳೆದಿರುತ್ತೆ, ಅದು ವಿಷ. ರಾತ್ರಿ ಟಾರ್ಚ್ ಬೆಳಕಲ್ಲಿ ಸೊಪ್ಪು ಕೀಳೋ ಸಾಹಸ ಬೇಡವೇ ಬೇಡ. ಮೂರು, ಗೊತ್ತಿರೋ ಹಿರಿಯರು ಗಿಡ ಮುಟ್ಟಿ ತೋರಿಸದ ಸೊಪ್ಪಾಗಲಿ ಅಣಬೆಯಾಗಲಿ ನಿಮ್ಮ ಕಾರ್ಡಿಗೆ ಬರಬಾರದು. ಗಿಡ ಗುರುತಿಸೋ ಆ್ಯಪ್ ನಂಬಿ ತಿನ್ನಬೇಡಿ.

6. ಕಾರ್ಡಿನ ಜೊತೆ ಒಂದು ಡಬ್ಬ

ಪಂಪ್‌ಹೌಸಿನಲ್ಲಿ ಸಾಮಾನು ಇಲ್ಲದೆ ಕಾರ್ಡ್ ಇದ್ದು ಏನು ಪ್ರಯೋಜನ? ‘ಹೊಲ’ ಲೇಬಲ್ಲಿನ ಎಲ್ಲ ಕಾರ್ಡ್ ನೋಡಿ ಸಾಮಾನಿನ ಒಂದು ಪಟ್ಟಿ ಮಾಡಿ. ನನ್ನದು ಹೀಗೆ ಬಂತು. ಪಾತ್ರೆ 2, ಮುದ್ದೆ ಕೋಲು, ಚಾಕು, ಸೌಟು, ಪ್ಲಾಸ್ಟಿಕ್ ಕವರಿನಲ್ಲಿ ಬೆಂಕಿಪೊಟ್ಟಣ, ಉಪ್ಪು, ಸಾರಿನ ಪುಡಿ, ಹುಣಸೆಹಣ್ಣು, ಬೆಲ್ಲ, ಎಣ್ಣೆ, ತೊಗರಿಬೇಳೆ, ಹುರಿಹಿಟ್ಟು. ಇಲಿ ಹೋಗದ ಹಾಗೆ ಮುಚ್ಚಳ ಗಟ್ಟಿ ಇರೋ ತಗಡಿನ ಡಬ್ಬ ಇರಲಿ.

ಇಲ್ಲೊಂದು ಮಾತು ಕಿವಿಗೆ ಹಾಕಿಕೊಳ್ಳಿ. ಒಂದು ರಾತ್ರಿ ನಮ್ಮ ತಮ್ಮ ಕತ್ತಲಲ್ಲಿ ಸಾರಿಗೆ ಉಪ್ಪು ಅಂತ ಹಾಕಿದ್ದು ಮೆಗ್ನೀಸಿಯಂ ಸಲ್ಫೇಟ್. ಬಿಳೀ ಹರಳು, ನೋಡೋಕೆ ಉಪ್ಪಿನ ಹಾಗೇ. ಕಹಿ ಅಂತ ಉಗಿದದ್ದಕ್ಕೆ ಬಚಾವ್. ಅದರ ಜಾಗದಲ್ಲಿ ಬೇರೆ ಯಾವುದಾದ್ರೂ ಇದ್ದಿದ್ರೆ? ಗೊಬ್ಬರ, ಮೈಲುತುತ್ತ, ಔಷಧಿ ಇರೋ ಗೂಡಿನಲ್ಲಿ ಅಡುಗೆ ಸಾಮಾನು ಇಡಬೇಡಿ. ಪ್ರತಿ ಡಬ್ಬಿ ಮೇಲೂ ಹೆಸರು ಬರೀರಿ. ಔಷಧಿ ಕ್ಯಾನ್ ಎಷ್ಟು ತೊಳೆದ್ರೂ ಕುಡಿಯೋ ನೀರಿಗೆ, ಎಣ್ಣೆಗೆ ಬಳಸಬಾರದು.

ಒಲೆ ಪಂಪ್‌ಹೌಸಿನ ಹೊರಗೆ ಇರಲಿ. ಬಾಗಿಲು ಮುಚ್ಚಿಕೊಂಡು ಕೆಂಡ ಇಟ್ಟುಕೊಂಡು ಮಲಗಿದ್ರೆ ಹೊಗೆಯ ವಿಷಕ್ಕೆ ಜೀವ ಹೋಗುತ್ತೆ. ಬಣವೆಯಿಂದ ದೂರ ಇರಿ, ಕೆಂಡಕ್ಕೆ ನೀರು ಹಾಕಿ ಮಲಗಿ. ಮಾಡಿದ ಅಡುಗೆ ಎರಡು ಗಂಟೆ ಒಳಗೆ ಮುಗಿಸಿ, ಬೇಸಿಗೇಲಿ ಇನ್ನೂ ಬೇಗ. ಬೆಳಿಗ್ಗೆ ಮಾಡಿದ ಅನ್ನ ಬಿಸಿಲಲ್ಲಿಟ್ಟು ಮಧ್ಯಾಹ್ನ ಆಳುಗಳಿಗೆ ಬಡಿಸೋದು ಬೇಡ.

7. ಎಲ್ಲಿ ಇಡೋದು?

ಯಾವ ಆ್ಯಪ್ ಆದ್ರೂ ಸರಿ, ನಾಲ್ಕು ಗುಣ ಇರಬೇಕು. ನೆಟ್‌ವರ್ಕ್ ಇಲ್ಲದೆ ತೆರೀಬೇಕು, ಕನ್ನಡ ಬರೀಬೇಕು, ಲೇಬಲ್ ಹಾಕೋಕೆ ಬರಬೇಕು, ಫೋನ್ ಹೋದ್ರೂ ಬರಹ ಉಳೀಬೇಕು. ನಾನು ಗೂಗಲ್ ಕೀಪ್ ಬಳಸ್ತೀನಿ. ಟೈಪ್ ಮಾಡೋಕೆ ಬೇಜಾರಾದ್ರೆ ಜಿಬೋರ್ಡ್ ಕೀಬೋರ್ಡಿನಲ್ಲಿ ಕನ್ನಡ ಸೇರಿಸಿ ಮೈಕ್ ಒತ್ತಿ ಮಾತಾಡಿ, ಅದೇ ಬರೆದುಕೊಳ್ಳುತ್ತೆ. ಅಳತೆ ಅಂಕಿಗಳನ್ನ ಮಾತ್ರ ಒಮ್ಮೆ ಕಣ್ಣಲ್ಲಿ ನೋಡಿ, 50 ಹೇಳಿದ್ದು 15 ಆಗಿರಬಹುದು.

ವಿಡಿಯೋ ಮಾಡಿದ್ರೆ ಅವತ್ತೇ ಗೂಗಲ್ ಡ್ರೈವ್‌ಗೆ ಹಾಕಿ, ಮನೆಯ ಇನ್ನೊಬ್ಬರಿಗೂ ಕಳಿಸಿ. ಗೂಗಲ್ ಖಾತೆಯಲ್ಲಿ 15 ಜಿಬಿ ಉಚಿತವಾಗಿ ಸಿಗುತ್ತೆ, ಬರಹಕ್ಕೆ ಅದು ಧಾರಾಳ, ವಿಡಿಯೋಗೆ ಬೇಗ ತುಂಬುತ್ತೆ. ಹಾಗಾಗಿ ವಿಡಿಯೋ ನೋಡಿ ಅದೇ ವಾರ ಕಾರ್ಡ್ ಬರೆದುಬಿಡಿ. ನಾನು ಬಿಟ್ಟದ್ದು ಇದೊಂದೇ ಕೆಲಸ.

‘ನಂಬಿದ್ದು’ ಗುಂಪಿಗೆ ಬಂದ ಕಾರ್ಡನ್ನ 200 ಪುಟದ ನೋಟ್‌ಬುಕ್ಕಿಗೂ ಇಳಿಸಿ. ಬ್ಯಾಟರಿ ಇಲ್ಲದಾಗ ಅದೇ ಗತಿ. ಹೊಲದ ಕಾರ್ಡುಗಳನ್ನ ಜೆರಾಕ್ಸ್ ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ ತಗಡಿನ ಡಬ್ಬದ ಮುಚ್ಚಳಕ್ಕೆ ಅಂಟಿಸಿ.

ಮಾರಾಟಕ್ಕೂ ಬರುತ್ತೆ

ಇದು ಹೊಟ್ಟೆಗೆ ಮಾತ್ರ ಅಂದುಕೊಳ್ಳಬೇಡಿ. ವಿಶ್ವಸಂಸ್ಥೆ 2023ನ್ನ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿದಾಗ ಪೇಟೆಯಲ್ಲಿ ನವಣೆ, ಸಾಮೆ ಕೇಳೋರು ಬಂದ್ರು. ನನ್ನ ಹತ್ರ ಒಮ್ಮೆ ಒಯ್ದವರು ಮತ್ತೆ ಬರಲಿಲ್ಲ. ಒಬ್ಬ ಅಕ್ಕ ಕೊನೆಗೆ ಹೇಳಿದ್ರು, ‘ಅಕ್ಕಿ ಥರ ಇಟ್ಟೆ, ಗಟ್ಟಿಯಾಗಿ ಉಳೀತು’ ಅಂತ. ಆಮೇಲೆ ಪ್ರತಿ ಪೊಟ್ಟಣದಲ್ಲೂ ಒಂದು ಚೀಟಿ ಇಟ್ಟೆ. ‘ನವಣೆ 1 ಲೋಟ, ತೊಳೆದು ಅರ್ಧ ಗಂಟೆ ನೆನೆಸಿ. ನೀರು 2ರಿಂದ 2.5 ಲೋಟ. ಬೆಂದ ಮೇಲೆ 10 ನಿಮಿಷ ಮುಚ್ಚಿಡಿ.’ ಈಗ ಆ ಅಕ್ಕ ತಿಂಗಳಿಗೊಮ್ಮೆ ಫೋನ್ ಮಾಡ್ತಾರೆ. ನಿಮ್ಮ ನಂಬಿದ ಕಾರ್ಡ್ ನಿಮ್ಮ ಬೆಳೆಗೆ ಗಿರಾಕಿಯನ್ನೂ ಉಳಿಸುತ್ತೆ.

ಕೃಷಿಯನ್ನೂ ಅಡುಗೆಯನ್ನೂ ಒಟ್ಟಿಗೆ ಬರೆದಿಡೋದು ನಮ್ಮಲ್ಲಿ ಹೊಸದೇನಲ್ಲ. ಸುಮಾರು 1025ರಲ್ಲಿ ಎರಡನೇ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ನೆಲದಡಿಯ ನೀರು ಹುಡುಕೋದು, ಗಿಡಮರ ಬೆಳೆಸೋದು, ಅಡುಗೆ ಮಾಡೋದು ಎಲ್ಲ ಒಂದೇ ಪುಸ್ತಕದಲ್ಲಿವೆ. 16ನೇ ಶತಮಾನದ ಮೂರನೇ ಮಂಗರಸ ಅಡುಗೆಗೆಂದೇ ಪದ್ಯದಲ್ಲಿ ‘ಸೂಪಶಾಸ್ತ್ರ’ ಬರೆದ. ಬರೆದಿಟ್ಟದ್ದಕ್ಕೆ ಇಷ್ಟು ಕಾಲ ಉಳೀತು. ನಮ್ಮನೆಯದು ಬಾಯಲ್ಲಿತ್ತು, ಹೋಯ್ತು.

ಈ ವಾರದ ಕೆಲಸ

- ಭಾನುವಾರ: ಮನೆಯ ಹಿರಿಯರ ಒಂದೇ ಒಂದು ಅಡುಗೆ ಆರಿಸಿ, ಡಬ್ಬಗಳನ್ನ ತೂಗಿ.
- ಸೋಮವಾರ: ಕಾರ್ಡ್ ಬರೆದು ಲೇಬಲ್ ಹಾಕಿ, ಬ್ಯಾಕಪ್ ನೋಡಿ.
- ವಾರದೊಳಗೆ: ಕಾರ್ಡ್ ನೋಡಿಕೊಂಡು ನೀವೇ ಒಬ್ಬರೇ ಮಾಡಿ, ಅವರಿಗೆ ಬಡಿಸಿ. ಏನು ಕಡಿಮೆ ಅಂತ ಕೇಳಿ ತಿದ್ದಿ.

ವಾರಕ್ಕೊಂದು ಅಂದ್ರೂ ವರ್ಷಕ್ಕೆ 50 ಆಗುತ್ತೆ, ಒಂದು ಮನೆಗೆ ಅಷ್ಟು ಸಾಕು.

ನನ್ನ ಬೆರಕೆ ಸೊಪ್ಪಿನ ಕಾರ್ಡಿನಲ್ಲಿ ಏಳು ಸೊಪ್ಪಿನ ಹೆಸರು ಇದೆ, ಎಂಟು ಒಂಬತ್ತು ಖಾಲಿ ಬಿಟ್ಟಿದ್ದೀನಿ. ಪ್ರತಿ ಪುಷ್ಯ ಮಳೆಗೆ ಊರಿನ ಯಾವುದಾದ್ರೂ ಅಜ್ಜಿಯನ್ನ ಬದುವಿಗೆ ಕರ್ಕೊಂಡು ಹೋಗಿ ಕೇಳ್ತೀನಿ. ನಿಮ್ಮನೇಲಿ ಅಜ್ಜಿ ಇದ್ರೆ ಇವತ್ತೇ ಕೇಳಿ.